ಇಂಚರ ಎಂಬ ಹೆಸರು: ಅರ್ಥ, ಮೂಲ, ಬಳಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಹೇಳಲು ತೊಡಗಿ ಎರಡು ದಶಕಗಳ ಮೇಲಾಯಿತು. ನನ್ನ ಮಗಳ ಹೆಸರು ಇಂಚರ. ಈ ಎರಡು ಕಾರಣಗಳಿಂದ, ಹುಟ್ಟಲಿರುವ ಮಗುವಿಗೆ ಈ ಹೆಸರಿಡಬೇಕೆಂದುಕೊಂಡವರು, ಇಟ್ಟ ಮೇಲೆ ಮನೆಯ ಹಿರಿಯರಿಗೆ ಅದರ ಅರ್ಥ ಹೇಳಲಾಗದೆ ತಡವರಿಸಿದವರು, ತಮ್ಮದೇ ಹೆಸರಿನ ಮೂಲವನ್ನು ತಿಳಿಯಬಯಸುವ ಕಾಲೇಜು ಹುಡುಗಿಯರು, ಹೀಗೆ ಅನೇಕರು ನನ್ನನ್ನು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತ ಬಂದಿದ್ದಾರೆ. ಅವುಗಳಿಗೆ ನಾನು ಕೊಡುತ್ತ ಬಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇಂಚರ ಎಂದರೆ ಏನು?

ಇಂಚರ ಎಂದರೆ ಇಂಪಾದ ದನಿ, ಕಿವಿಗೆ ಹಿತವಾದ ಸ್ವರ. ಕೋಗಿಲೆಯ ಕೂಗಿಗೆ, ಕೊಳಲಿನ ದನಿಗೆ, ವೀಣೆಯ ಮಿಡಿತಕ್ಕೆ, ಇನ್ನೂ ಮಾತು ಕಲಿಯದ ಮಗುವಿನ ತೊದಲಿಗೆ ಕವಿಗಳು ಈ ಪದವನ್ನು ಬಳಸುತ್ತಾರೆ. ಇದನ್ನು ‘ಹಾಡು’ ಎಂದು ಅರ್ಥೈಸುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಹಾಡಿಗೆ ಪದಗಳಿರುತ್ತವೆ, ಪಲ್ಲವಿ ಇರುತ್ತದೆ, ಹಾಡುವವರೊಬ್ಬರು ಇರುತ್ತಾರೆ. ಇಂಚರಕ್ಕೆ ಇವು ಯಾವುವೂ ಬೇಕಿಲ್ಲ, ದನಿಯೊಂದು ಇನಿದಾಗಿದ್ದರೆ ಸಾಕು. ‘ನಾದ’ ಎಂಬ ಪದಕ್ಕೂ ಇದಕ್ಕೂ ವ್ಯತ್ಯಾಸವಿದೆ: ನಾದ ಎಂದಾಗ ಗುಡಿಯ ಗಂಟೆಯಂತೆ ಸುತ್ತಲೂ ತುಂಬಿಕೊಳ್ಳುವ ಶಬ್ದ ನೆನಪಾಗುತ್ತದೆ, ಇಂಚರ ಎಂದಾಗ ಎಲ್ಲೋ ಒಂದು ಕೊಂಬೆಯಿಂದ ಬಂದು ಕಿವಿಗೆ ತಾಗುವ ಸಣ್ಣ ದನಿ ನೆನಪಾಗುತ್ತದೆ. ಹೆಸರಾಗಿ ನನಗೆ ಇದು ಹಿಡಿಸಿದ್ದು ಈ ಸಣ್ಣತನದಿಂದಲೇ.

ಈ ಪದ ಹೇಗೆ ಹುಟ್ಟಿತು?

ಇದು ಎರಡು ಪದಗಳು ಕೂಡಿ ಆದ ಸಮಾಸ. ಮೊದಲನೆಯದು ‘ಇನ್’, ಅಂದರೆ ಸಿಹಿಯಾದ, ಹಿತವಾದ. ಇಂದು ಈ ಪದ ಒಂಟಿಯಾಗಿ ಉಳಿದಿಲ್ಲವಾದರೂ ಅದರ ಬಳಗ ನಮ್ಮ ಮಾತಿನಲ್ಲಿ ಸುಖವಾಗಿ ಬಾಳುತ್ತಿದೆ: ಇನಿದು, ಇನಿದನಿ, ಇನಿಯ, ಇಂಪು, ಎಲ್ಲವೂ ಅದೇ ಬೇರಿನವು. ಹಳಗನ್ನಡದಲ್ಲಿ ಸಿಹಿಮಾವಿಗೆ ‘ಇಮ್ಮಾವು’ ಎಂಬ ಹೆಸರಿತ್ತು. ಅದು ‘ಇನ್’ ಮತ್ತು ‘ಮಾವು’ ಕೂಡಿ ಆದದ್ದು. 941ರ ಸುಮಾರಿಗೆ ಪಂಪ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ನೆನೆದು ಬರೆದ ಪದ್ಯಗಳನ್ನು ಶಾಲೆಯಲ್ಲಿ ಓದಿದವರಿಗೆ, ಅಲ್ಲಿ ಕಿವಿಹೊಕ್ಕ ಗೇಯದ ‘ಇಂಪು’ ಮತ್ತು ಆ ನಾಡಿನಲ್ಲಿ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂಬ ಬಯಕೆ ನೆನಪಿರಬಹುದು. ಇಂಚರ ಎಂಬ ಹೆಸರಿನ ಮೊದಲ ಅಕ್ಷರದಲ್ಲಿರುವುದು ಆ ಇಂಪೇ.

ಎರಡನೆಯ ಪದ ‘ಸರ’. ಇಲ್ಲಿ ಅನೇಕರು ಎಡವುತ್ತಾರೆ, ಏಕೆಂದರೆ ‘ಸರ’ ಎಂದರೆ ನಮಗೆ ತಟ್ಟನೆ ಹೊಳೆಯುವುದು ಮುತ್ತಿನ ಸರ. ಈ ಸರ ಅದಲ್ಲ. ಇದು ಸಂಸ್ಕೃತದ ‘ಸ್ವರ’ ಕನ್ನಡಕ್ಕೆ ಬಂದು ತಾಳಿದ ರೂಪ. ಹಳ್ಳಿಯ ಕಡೆ ‘ಸೊರ ಎತ್ತಿ ಹಾಡು’ ಎನ್ನುವುದನ್ನು ಕೇಳಿದವರಿಗೆ ಈ ಬದಲಾವಣೆ ಹೊಸದೆನಿಸದು. ‘ಇನ್’ ಎಂಬುದಕ್ಕೆ ‘ಸರ’ ಸೇರಿ ‘ಇಂಚರ’ವಾಯಿತು.

‘ಇನ್’ ಮತ್ತು ‘ಸರ’ ಸೇರಿದರೆ ‘ಇನ್ಸರ’ ಆಗಬೇಕಲ್ಲವೇ? ‘ಚ’ ಎಲ್ಲಿಂದ ಬಂತು?

ನನಗೆ ಬಹಳ ಪ್ರಿಯವಾದ ಪ್ರಶ್ನೆ ಇದು. ಈ ಹೆಸರಿನ ಚೆಲುವೆಲ್ಲ ಈ ಬೆಸುಗೆಯಲ್ಲಿದೆ ಎಂದೇ ನಾನು ನಂಬಿದ್ದೇನೆ.

ಕನ್ನಡ ವ್ಯಾಕರಣದಲ್ಲಿ ಆದೇಶ ಸಂಧಿ ಎಂಬುದನ್ನು ಎಲ್ಲರೂ ಓದಿರುತ್ತೇವೆ: ಕಣ್ಣಿನ ‘ಪನಿ’ (ಹನಿಯ ಹಳೆಯ ರೂಪ) ‘ಕಂಬನಿ’ಯಾಗುವುದು, ಮಳೆಯ ಕಾಲ ‘ಮಳೆಗಾಲ’ವಾಗುವುದು. ಪಕಾರ ಬಕಾರವಾಗುವ, ಕಕಾರ ಗಕಾರವಾಗುವ ಈ ಉದಾಹರಣೆಗಳು ಪರೀಕ್ಷೆಗೆ ಬರುತ್ತವೆ, ಆದ್ದರಿಂದ ನೆನಪಿರುತ್ತವೆ. ಅದೇ ಸಂಧಿಯ ಒಂದು ಮೂಲೆಯಲ್ಲಿ, ಅನುನಾಸಿಕದ ಮುಂದೆ ಬಂದ ಸಕಾರ ಕೆಲವೆಡೆ ಚಕಾರವೋ ಜಕಾರವೋ ಆಗುತ್ತದೆ ಎಂಬ ವಿಷಯವೂ ಇದೆ. ‘ನುಣ್’ ಮತ್ತು ‘ಸರ’ ಕೂಡಿ ‘ನುಣ್ಚರ’ವಾಗುತ್ತದೆ, ಅಂದರೆ ನುಣುಪಾದ ದನಿ. ಮುಂದಿನ ಸೆರಗು ‘ಮುಂಜೆರಗು’ ಆಗುತ್ತದೆ. ಅದೇ ದಾರಿಯಲ್ಲಿ ‘ಇನ್’ ಮತ್ತು ‘ಸರ’ ಕೂಡಿ ‘ಇಂಚರ’ವಾಗಿದೆ.

ಇದು ವ್ಯಾಕರಣಕಾರರು ಮೇಲಿನಿಂದ ಹೇರಿದ ನಿಯಮವಲ್ಲ, ಬಾಯಿ ತಾನೇ ಕಂಡುಕೊಂಡ ಅನುಕೂಲ. ‘ನ್’ ಎನ್ನುವಾಗ ನಾಲಿಗೆ ಮೇಲಕ್ಕೆ ಒತ್ತಿಕೊಂಡಿರುತ್ತದೆ. ‘ಸ’ ಎನ್ನಬೇಕಾದರೆ ಅದು ಆ ಒತ್ತನ್ನು ಬಿಟ್ಟು ಗಾಳಿಗೆ ಸಣ್ಣ ಸಂದು ಮಾಡಿಕೊಡಬೇಕು. ಒತ್ತಿಕೊಂಡಿದ್ದ ನಾಲಿಗೆ ತಟ್ಟನೆ ಬಿಟ್ಟಾಗ ಹುಟ್ಟುವ ದನಿ ಚಕಾರಕ್ಕೆ ಬಹಳ ಹತ್ತಿರದ್ದು. ಸಾವಿರ ವರ್ಷಗಳ ಹಿಂದಿನ ಕನ್ನಡಿಗರ ಬಾಯಿ ಈ ಎರಡು ದನಿಗಳನ್ನು ಹೇಗೆ ಹೊಂದಿಸಿಕೊಂಡಿತೆಂಬುದರ ಗುರುತು ಒಂದು ಪುಟ್ಟ ಹುಡುಗಿಯ ಹೆಸರಿನಲ್ಲಿ ಉಳಿದಿದೆ ಎಂದು ತರಗತಿಯಲ್ಲಿ ಹೇಳುವಾಗ ನನಗೆ ಇಂದಿಗೂ ಸಂತೋಷವಾಗುತ್ತದೆ.

ಹಾಗಾದರೆ ಇದು ಅಚ್ಚಗನ್ನಡದ ಹೆಸರೇ, ಸಂಸ್ಕೃತದ್ದೇ?

ಮೊದಲರ್ಧ ದೇಶ್ಯ, ಅಂದರೆ ಕನ್ನಡದ್ದೇ ಪದ; ಉತ್ತರಾರ್ಧ ತದ್ಭವ, ಅಂದರೆ ಸಂಸ್ಕೃತದಿಂದ ಬಂದು ರೂಪ ಬದಲಾದ ಪದ. ಇದನ್ನು ಸಂಸ್ಕೃತದ ಹೆಸರು ಎಂದು ಬರೆಯುವುದು ತಪ್ಪು. ಸಂಸ್ಕೃತದಲ್ಲಿ ಇಂಚರ ಎಂಬ ಪದವಿಲ್ಲ. ಹಾಗೆಂದು ಸಂಸ್ಕೃತದ ನೆರಳೂ ಬೀಳದ ಹೆಸರೆಂದು ಎದೆ ತಟ್ಟಿಕೊಳ್ಳುವುದೂ ಸರಿಯಲ್ಲ. 13ನೆಯ ಶತಮಾನದಲ್ಲಿ ಆಂಡಯ್ಯ ಕಬ್ಬಿಗರ ಕಾವವನ್ನು ಬರೆದಾಗ ತತ್ಸಮಗಳನ್ನು, ಅಂದರೆ ರೂಪ ಬದಲಾಗದೆ ಬಂದ ಸಂಸ್ಕೃತ ಪದಗಳನ್ನು ಬಿಟ್ಟು, ದೇಶ್ಯ ಮತ್ತು ತದ್ಭವಗಳಲ್ಲಿಯೇ ಕಾವ್ಯ ಕಟ್ಟಿದ. ಹೊರಗಿನಿಂದ ಬಂದರೂ ನಮ್ಮ ಬಾಯಿಗೆ ಒಗ್ಗಿ, ನಮ್ಮ ಉಚ್ಚಾರಕ್ಕೆ ತಕ್ಕಂತೆ ಬದಲಾದ ಪದ ನಮ್ಮದೇ ಎಂಬ ಅವನ ಅಳತೆಯನ್ನು ಒಪ್ಪಿದರೆ, ಇಂಚರ ಅಚ್ಚಗನ್ನಡದ ಹೆಸರೇ. ನಾನು ಆ ಅಳತೆಯನ್ನು ಒಪ್ಪುತ್ತೇನೆ.

‘ಇಂಚರ ಎಂದರೆ ಸಂಚರಿಸುವವಳು’ ಎಂಬ ಅರ್ಥವನ್ನೂ ಓದಿದ್ದೇನೆ. ಅದು ಸರಿಯೇ?

ಸರಿಯಲ್ಲ. ಪದವನ್ನು ‘ಇಂ’ ಮತ್ತು ‘ಚರ’ ಎಂದು ತಪ್ಪಾಗಿ ಒಡೆದು, ಚರ ಎಂದರೆ ಚಲಿಸುವುದು ಎಂದುಕೊಂಡವರು ಮಾಡಿದ ಅರ್ಥವದು. ಹೆಸರುಗಳ ಪಟ್ಟಿ ಕೊಡುವವರಲ್ಲಿ ಕೆಲವರು ಇನ್ನೂ ದೂರ ಹೋಗಿ ‘ದೇವರ ವರ’, ‘ಅದೃಷ್ಟವಂತೆ’ ಎಂದೆಲ್ಲ ಬರೆಯುತ್ತಾರೆ. ಮಗುವಿನ ಜೀವಮಾನವಿಡೀ ಜೊತೆಗಿರುವ ಪದದ ಅರ್ಥವನ್ನು ಹೀಗೆ ಮನಸ್ಸಿಗೆ ಬಂದಂತೆ ಹೇಳುವುದು ನನಗೆ ನೋವುಂಟುಮಾಡುತ್ತದೆ. ಸಂಶಯವಿದ್ದವರು ಒಳ್ಳೆಯ ಕನ್ನಡ ನಿಘಂಟನ್ನು ತೆರೆದು ನೋಡಬೇಕು. ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಪ್ರಕಟಿಸಿದ ಎಂಟು ಸಂಪುಟಗಳ ನಿಘಂಟು ಊರಿನ ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ.

ಪುರಾಣದಲ್ಲಿ ಅಥವಾ ಇತಿಹಾಸದಲ್ಲಿ ಈ ಹೆಸರಿನ ಸ್ತ್ರೀಯರಿದ್ದಾರೆಯೇ?

ಈ ಹೆಸರಿನ ಹಿಂದೆ ದೇವಿಯೂ ಇಲ್ಲ, ರಾಣಿಯೂ ಇಲ್ಲ. ಇದು ಕಾವ್ಯದ ಪದಭಂಡಾರದಿಂದ ನೇರವಾಗಿ ತೊಟ್ಟಿಲಿಗೆ ಬಂದ ಹೆಸರು.

ನಮ್ಮ ಹಳೆಯ ಹೆಣ್ಣುಹೆಸರುಗಳ ರೀತಿಯೇ ಬೇರೆ. ಲಕ್ಕುಂಡಿಯ ಬಸದಿಯ 1007ರ ಶಾಸನದಲ್ಲಿ ಕಾಣುವ ಅತ್ತಿಮಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ಇವರ ಹೆಸರುಗಳ ಕೊನೆಯಲ್ಲಿ ‘ಅಬ್ಬೆ’ ಇದೆ, ಅಂದರೆ ತಾಯಿ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಮುಕ್ತಾಯಕ್ಕ, ಸತ್ಯಕ್ಕ ಎಂದು ‘ಅಕ್ಕ’ ಬರುತ್ತದೆ. ಬೆಂಗಳೂರಿನಿಂದ ಅಷ್ಟೇನೂ ದೂರವಿಲ್ಲದ ಶಿವಗಂಗೆಯಲ್ಲಿ 1131ರಲ್ಲಿ ತೀರಿಕೊಂಡ ಹೊಯ್ಸಳ ರಾಣಿ ಶಾಂತಲೆಯ ಹೆಸರಿನ ಮುಂದೆ ‘ದೇವಿ’ ಇದೆ. ನಮ್ಮ ಅಜ್ಜಿಯರ ಕಾಲದವರೆಗೂ ಪುಟ್ಟಮ್ಮ, ಚೆನ್ನಮ್ಮ, ಗಿರಿಜಮ್ಮ ಎಂದು ‘ಅಮ್ಮ’ನಿಲ್ಲದೆ ಹೆಸರು ಪೂರ್ತಿಯಾಗುತ್ತಿರಲಿಲ್ಲ. ಹುಟ್ಟಿದ ಕೂಸನ್ನೂ ಅಮ್ಮ, ಅಕ್ಕ ಎಂದೇ ಕರೆಯುತ್ತಿದ್ದ ಆ ಪದ್ಧತಿಯಲ್ಲಿ ಒಂದು ಗೌರವವಿತ್ತು. ಅದರ ಜಾಗಕ್ಕೆ ಮೊದಲು ಸಂಸ್ಕೃತದ ಸುಧಾ, ಪ್ರತಿಭಾ, ಕವಿತಾಗಳು ಬಂದವು. ಅವುಗಳ ಹಿಂದೆಯೇ ಇಂಚರ, ಇಬ್ಬನಿ, ಸಿರಿ, ಇಂಪನ ಮೊದಲಾದ ಕನ್ನಡದ ಪದಗಳು ಹೆಸರುಗಳಾಗಿ ಕಾಣಿಸಿಕೊಂಡವು. ನವೋದಯದ ಕವಿತೆಗಳನ್ನೂ ಭಾವಗೀತೆಗಳನ್ನೂ ಕೇಳುತ್ತ ಬೆಳೆದವರು ತಂದೆತಾಯಿಗಳಾದಾಗ, ಕಿವಿಯಲ್ಲಿ ಉಳಿದಿದ್ದ ಪದಗಳನ್ನೇ ಮಕ್ಕಳಿಗೆ ಇಟ್ಟರೆಂದು ನಾನು ತಿಳಿಯುತ್ತೇನೆ. ನನ್ನ ಮನೆಯಲ್ಲಿಯಂತೂ ನಡೆದದ್ದು ಹಾಗೆಯೇ.

ಬೇರೆ ಭಾಷೆಗಳಲ್ಲಿ ಈ ಹೆಸರು ಇದೆಯೇ?

ಇದೇ ರೂಪದ ಹೆಸರು ಕನ್ನಡದ್ದೇ. ಆದರೆ ‘ಇನ್’ ಎಂಬ ಬೇರು ದ್ರಾವಿಡ ಭಾಷೆಗಳಲ್ಲಿ ಹರಡಿದೆ. ತಮಿಳಿನಲ್ಲಿ ‘ಇನಿಯ’ ಎಂದರೆ ಸಿಹಿಯಾದ, ‘ಇನಿಮೈ’ ಎಂದರೆ ಸಿಹಿತನ. ತಿರುಕ್ಕುರಳಿನ ಹತ್ತನೆಯ ಅಧಿಕಾರ ಇನಿದಾದ ಮಾತನ್ನಾಡುವುದರ ಬಗ್ಗೆಯೇ ಇದೆ, ಅದರ ಹೆಸರಿನಲ್ಲಿಯೂ ಇದೇ ಬೇರಿನ ಪದವಿದೆ. ಆದ್ದರಿಂದ ಬೆಂಗಳೂರಿನ ತಮಿಳು ನೆರೆಹೊರೆಯವರಿಗೆ ಅರ್ಥ ವಿವರಿಸುವುದು ಸುಲಭ. ತುಳುವಿನಲ್ಲಿ ‘ಇಂಚ’ ಎಂದರೆ ‘ಇತ್ತ’ ಎಂದರ್ಥ. ಮಂಗಳೂರಿನ ಕಡೆಯ ಗೆಳತಿಯೊಬ್ಬರು ನನ್ನ ಮಗಳನ್ನು ಕರೆಯುವಾಗಲೆಲ್ಲ ‘ಇಂಚ ಬಲಾ ಇಂಚರ’ ಎನ್ನುತ್ತಾರೆ. ಎರಡಕ್ಕೂ ನಂಟಿಲ್ಲ, ಆದರೆ ಕೇಳಲು ಚೆನ್ನಾಗಿದೆ.

ಬೆಂಗಳೂರಿನಲ್ಲಿ ಈ ಹೆಸರು ಎಷ್ಟು ಬಳಕೆಯಲ್ಲಿದೆ?

ಅಮೆರಿಕದಂಥ ದೇಶದಲ್ಲಿ ಮಕ್ಕಳ ಹೆಸರುಗಳ ಲೆಕ್ಕವನ್ನು ಸರ್ಕಾರವೇ ಪ್ರತಿವರ್ಷ ಪ್ರಕಟಿಸುತ್ತದೆ. ಅಲ್ಲಿನ ಸಾಮಾಜಿಕ ಭದ್ರತಾ ಇಲಾಖೆಯ ಪಟ್ಟಿ 1880ರಲ್ಲಿ ಹುಟ್ಟಿದವರಿಂದ ಮೊದಲಾಗುತ್ತದೆ, ಒಂದು ವರ್ಷದಲ್ಲಿ ಐದು ಮಕ್ಕಳಿಗಾದರೂ ಇಟ್ಟ ಹೆಸರುಗಳು ಮಾತ್ರ ಅದರಲ್ಲಿರುತ್ತವೆ. ನಮ್ಮಲ್ಲಿ ಜನನ ನೋಂದಣಿಯಿಂದ ಅಂಥ ಪಟ್ಟಿಯನ್ನು ತೆಗೆದು ಪ್ರಕಟಿಸುವ ರೂಢಿಯಿಲ್ಲ. ಹೀಗಾಗಿ ಯಾರಾದರೂ ಈ ಹೆಸರಿಗೆ ‘ಕರ್ನಾಟಕದಲ್ಲಿ ಇಷ್ಟನೆಯ ಸ್ಥಾನ’ ಎಂದು ಹೇಳಿದರೆ ಅದನ್ನು ನಂಬಬೇಕಾಗಿಲ್ಲ.

ನಾನು ಹೇಳಬಹುದಾದದ್ದು ನನ್ನ ಹಾಜರಿ ಪುಸ್ತಕದ ಅನುಭವವನ್ನಷ್ಟೇ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಕಾವ್ಯ, ಪೂಜಾ, ದಿವ್ಯಾ, ರಮ್ಯಾ ಎಂಬ ಹೆಸರುಗಳು ಒಂದೇ ತರಗತಿಯಲ್ಲಿ ಎರಡೆರಡು ಇರುತ್ತಿದ್ದವು, ಇನಿಶಿಯಲ್ ಸೇರಿಸಿಯೇ ಕರೆಯಬೇಕಾಗುತ್ತಿತ್ತು. ಇಂಚರ ಎಂಬ ಹೆಸರು ಕಂಡಿರಲಿಲ್ಲ. ಈಗ ಕೆಲವು ವರ್ಷಗಳಿಗೊಮ್ಮೆ ಒಬ್ಬ ಇಂಚರ ನನ್ನ ತರಗತಿಗೆ ಬರುತ್ತಾಳೆ. ಇಬ್ಬರು ಒಟ್ಟಿಗೆ ಬಂದದ್ದು ಇಂದಿನವರೆಗೂ ಇಲ್ಲ. ಜಯನಗರದ, ಬಸವನಗುಡಿಯ, ರಾಜಾಜಿನಗರದ ಕನ್ನಡ ಮನೆಗಳಲ್ಲಿ ಕೇಳಿದರೆ ‘ಹೌದು, ನಮ್ಮ ನೆಂಟರಲ್ಲಿ ಒಬ್ಬಳಿದ್ದಾಳೆ’ ಎನ್ನುವಷ್ಟು ಪರಿಚಿತ, ಅದೇ ಬೀದಿಯಲ್ಲಿ ಇನ್ನೊಬ್ಬಳು ಸಿಗದಷ್ಟು ಅಪರೂಪ. ಸಂಗೀತ ಶಾಲೆಗಳಿಗೆ, ಸುಗಮ ಸಂಗೀತದ ತಂಡಗಳಿಗೆ, ಮನೆಗಳ ಗೇಟಿಗೆ ಈ ಪದವನ್ನು ಇಡುವುದೂ ಇದೆ.

ಜಾತಿ, ಮತ, ಊರನ್ನು ಈ ಹೆಸರು ಸೂಚಿಸುತ್ತದೆಯೇ?

ಇಲ್ಲ. ಅದರಲ್ಲಿ ದೇವರ ಹೆಸರಿಲ್ಲ, ಮನೆತನದ ಗುರುತಿಲ್ಲ. ನಾನು ಪಾಠ ಹೇಳಿದ ಇಂಚರಗಳು ಬೇರೆ ಬೇರೆ ಸಮುದಾಯಗಳ ಮಕ್ಕಳು. ಒಂದೇ ಒಂದನ್ನು ಈ ಹೆಸರು ಬಿಟ್ಟುಕೊಡುತ್ತದೆ: ಆ ಮನೆಯಲ್ಲಿ ಕನ್ನಡದ ಮೇಲೆ ಪ್ರೀತಿಯಿರುವ ಒಬ್ಬರಾದರೂ ಇದ್ದಾರೆ.

ಸರಿಯಾದ ಉಚ್ಚಾರಣೆ ಯಾವುದು?

ಮೊದಲ ಸ್ವರ ಹ್ರಸ್ವ, ‘ಈಂಚರ’ ಅಲ್ಲ. ನಡುವಿನ ‘ಚ’ ಕೂಡ ಹ್ರಸ್ವ, ‘ಇಂಚಾರ’ ಅಲ್ಲ; ಹಾಗೆಂದಾಗ ಅದು ವಿಚಾರ, ಸಂಚಾರಗಳ ಪಕ್ಕ ಹೋಗಿ ನಿಲ್ಲುತ್ತದೆ. ಸೊನ್ನೆಯ ದನಿ ಮುಂದಿನ ಚವರ್ಗಕ್ಕೆ ಹೊಂದಿಕೊಂಡು ‘ಞ್’ ಆಗುತ್ತದೆ, ‘ಮಂಚ’, ‘ಪಂಚೆ’ ಎನ್ನುವಾಗ ಆಗುವಂತೆಯೇ. ಕನ್ನಡಿಗರಿಗೆ ಇದನ್ನು ಕಲಿಸಬೇಕಾಗಿಲ್ಲ.

ತೊಂದರೆ ಬರುವುದು ಕೊನೆಯ ಅಕ್ಷರದಲ್ಲಿ. ಹಿಂದಿ ಮಾತನಾಡುವವರು ಪದದ ಕೊನೆಯ ಹ್ರಸ್ವ ಅಕಾರವನ್ನು ನುಂಗುತ್ತಾರಾದ್ದರಿಂದ ಈ ಊರಿನ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ‘ಇಂಚರ್’ ಎಂದು ಕರೆಯುವುದನ್ನು ಕೇಳಿದ್ದೇನೆ. ಅವರ ಮೇಲೆ ಸಿಟ್ಟಾಗಬೇಕಿಲ್ಲ. ಒಮ್ಮೆ ನಿಧಾನವಾಗಿ ‘ಇಂ-ಚ-ರ’ ಎಂದು ಮೂರು ತಾಳ ಹಾಕಿ ಹೇಳಿಕೊಟ್ಟರೆ ಹೆಚ್ಚಿನವರು ಕಲಿಯುತ್ತಾರೆ. ನಾವೇ ಕಲಿಸದೆ ಬಿಟ್ಟರೆ ತಪ್ಪು ರೂಪವೇ ಉಳಿದುಬಿಡುತ್ತದೆ, ಮಗುವೂ ತನ್ನ ಹೆಸರನ್ನು ಹಾಗೆಯೇ ಹೇಳಿಕೊಳ್ಳಲು ತೊಡಗುತ್ತದೆ. ಹೊರಗಿನವರ ತಪ್ಪು ಉಚ್ಚಾರವನ್ನು ಸೌಜನ್ಯಕ್ಕಾಗಿ ಒಪ್ಪಿಕೊಂಡು ಹೋಗುವ ನಮ್ಮ ಅಭ್ಯಾಸ ನನಗೆ ಸರಿಕಾಣುವುದಿಲ್ಲ.

‘ಇಂಚರ’ ಎಂದು ಬರೆಯಬೇಕೇ, ‘ಇಂಚರಾ’ ಎಂದೇ?

ಎರಡೂ ಬಳಕೆಯಲ್ಲಿವೆ. ಪದದ ಮೂಲರೂಪ ಹ್ರಸ್ವಾಂತ: ಇಂಚರ. ದೀರ್ಘ ಬಂದದ್ದು ಹೆಣ್ಣುಹೆಸರುಗಳ ಸಂಸ್ಕೃತ ಪದ್ಧತಿಯ ಪ್ರಭಾವದಿಂದ. ಮನೆಯಲ್ಲಿ ನಡೆಸುವ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಗ್ರಂಥವಾದ ಪಾರಸ್ಕರ ಗೃಹ್ಯಸೂತ್ರವು ಹೆಣ್ಣುಮಗುವಿನ ಹೆಸರಿನಲ್ಲಿ ಬೆಸಸಂಖ್ಯೆಯ ಅಕ್ಷರಗಳಿರಬೇಕು, ಅದು ‘ಆ’ಕಾರದಲ್ಲಿ ಮುಗಿಯಬೇಕು ಎನ್ನುತ್ತದೆ. ಮನುಸ್ಮೃತಿಯ ಎರಡನೆಯ ಅಧ್ಯಾಯವೂ ಹೆಣ್ಣಿನ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಅರ್ಥ ಸ್ಪಷ್ಟವಿರಬೇಕು, ಮನೋಹರವಾಗಿರಬೇಕು, ದೀರ್ಘಸ್ವರದಲ್ಲಿ ಕೊನೆಗೊಳ್ಳಬೇಕು ಎಂದು ಹೇಳುತ್ತದೆ. ಇಂಚರದಲ್ಲಿ ಅಕ್ಷರಗಳು ಮೂರು, ಬೆಸಸಂಖ್ಯೆಯೇ. ಉಚ್ಚಾರ ಸುಲಭ, ಅರ್ಥವೂ ಮನೋಹರ. ಉಳಿದದ್ದು ದೀರ್ಘವೊಂದು, ಪುರೋಹಿತರು ಅದನ್ನೂ ಸೇರಿಸಿ ‘ಇಂಚರಾ’ ಎಂದು ಬರೆಸುವುದುಂಟು. ಶಾಸ್ತ್ರದಲ್ಲಿ ನಂಬಿಕೆಯಿರುವವರು ಹಾಗೆ ಬರೆಯಬಹುದು. ನನ್ನ ಆಯ್ಕೆ ಹ್ರಸ್ವದ ಕಡೆಗೆ, ಏಕೆಂದರೆ ದೀರ್ಘ ಬಂದೊಡನೆ ಕನ್ನಡದ ಪದವೊಂದು ಸಂಸ್ಕೃತದ ವೇಷ ಹಾಕಿದಂತೆ ನನಗೆ ಕೇಳಿಸುತ್ತದೆ.

ವಾಕ್ಯದಲ್ಲಿ ಬಳಸುವಾಗ ‘ಇಂಚರವನ್ನು’ ಸರಿಯೋ, ‘ಇಂಚರಳನ್ನು’ ಸರಿಯೋ?

ದನಿ ಎಂಬ ಅರ್ಥದಲ್ಲಿ ಇಂಚರ ನಪುಂಸಕಲಿಂಗ. ಆದ್ದರಿಂದ ‘ಕೋಗಿಲೆಯ ಇಂಚರವನ್ನು ಕೇಳಿದೆ’. ಅದೇ ಪದ ಹುಡುಗಿಯ ಹೆಸರಾದಾಗ ಸ್ತ್ರೀಲಿಂಗದ ನಡತೆ ಬರುತ್ತದೆ: ‘ಇಂಚರಳನ್ನು ಕರೆದೆ’, ‘ಇಂಚರಳಿಗೆ ಕೊಟ್ಟೆ’, ‘ಇಂಚರಳ ಪುಸ್ತಕ’. ಮನೆಮಾತಿನಲ್ಲಿ ‘ಇಂಚರಂಗೆ ಕೊಡು’, ‘ಇಂಚರನ್ನ ಕರಿ’ ಎಂದೇ ಅನ್ನುತ್ತೇವೆ, ಅದರಲ್ಲಿ ತಪ್ಪೇನಿಲ್ಲ. ‘ಇಂಚರವಿಗೆ’ ಎಂಬ ರೂಪವನ್ನು ಆಮಂತ್ರಣ ಪತ್ರಿಕೆಗಳಲ್ಲಿ ಕಂಡಿದ್ದೇನೆ. ಅದು ಮಾತ್ರ ಎರಡು ಕಡೆಯಿಂದಲೂ ತಪ್ಪು.

ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಬರೆಯುವುದು?

ಐ, ಎನ್, ಸಿ, ಎಚ್, ಎ, ಆರ್, ಎ: ಈ ಏಳು ಅಕ್ಷರಗಳು ಸಾಕು. ಸಂಖ್ಯಾಶಾಸ್ತ್ರದವರ ಮಾತು ಕೇಳಿ ಎರಡು ‘ಎ’, ಎರಡು ‘ಆರ್’ ಸೇರಿಸುವವರಿದ್ದಾರೆ. ಸೇರಿಸಿದ ಪ್ರತಿ ಅಕ್ಷರವೂ ಮುಂದೆ ಯಾವುದೋ ಅರ್ಜಿಯಲ್ಲಿ ಬಿಟ್ಟುಹೋಗುತ್ತದೆ, ಬಳಿಕ ಎರಡು ದಾಖಲೆಗಳು ಒಂದಕ್ಕೊಂದು ಹೊಂದುವುದಿಲ್ಲ. ಈ ಕಾಗುಣಿತದ ಮೊದಲ ನಾಲ್ಕು ಅಕ್ಷರಗಳು ಅಳತೆಯ ಇಂಚನ್ನು ನೆನಪಿಸುವುದರಿಂದ ಶಾಲೆಯಲ್ಲಿ ಮಕ್ಕಳು ‘ಇಂಚುಪಟ್ಟಿ’ ಎಂದು ಛೇಡಿಸುವುದು ಉಂಟು. ನನ್ನ ಮಗಳು ಮೂರನೆಯ ತರಗತಿಯಲ್ಲಿ ಇದಕ್ಕಾಗಿ ಅತ್ತಿದ್ದಳು. ಹೆಸರಿನ ಅರ್ಥ ಗೊತ್ತಿದ್ದ ಮಗು ಒಮ್ಮೆ ಅತ್ತು, ಮರುದಿನ ಆ ಅರ್ಥವನ್ನು ಗೆಳತಿಯರಿಗೆ ಹೇಳಿ ಬರುತ್ತದೆ. ಅವಳು ಹಾಗೆಯೇ ಮಾಡಿದಳು.

ಈ ಹೆಸರು ಯಾವ ನಕ್ಷತ್ರಕ್ಕೆ ಹೊಂದುತ್ತದೆ?

ಯಾವ ನಕ್ಷತ್ರಕ್ಕೆ ಹೆಸರಿನ ಮೊದಲ ಅಕ್ಷರ ಯಾವುದೆಂದು ತಿಳಿಸುವ ಪಂಚಾಂಗದ ಅವಕಹಡ ಚಕ್ರದಲ್ಲಿ ಕೃತ್ತಿಕಾ ನಕ್ಷತ್ರದ ನಾಲ್ಕು ಪಾದಗಳಿಗೆ ಅ, ಇ, ಉ, ಎ ಎಂಬ ಅಕ್ಷರಗಳಿವೆ. ಇಕಾರ ಎರಡನೆಯ ಪಾದಕ್ಕೆ, ಅಂದರೆ ವೃಷಭ ರಾಶಿಗೆ ಸೇರುತ್ತದೆ. ಮಗು ಬೇರೆ ನಕ್ಷತ್ರದಲ್ಲಿ ಹುಟ್ಟಿದ್ದರೆ ಈ ಹೆಸರು ಇಡಬಾರದೆಂದೇನೂ ಇಲ್ಲ. ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಾಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕು ಬಗೆಯ ಹೆಸರುಗಳನ್ನು ಇಡುವ ಸಂಪ್ರದಾಯವಿದೆ. ನಕ್ಷತ್ರದ ಅಕ್ಷರವನ್ನು ಮೂರನೆಯದರಲ್ಲಿ ಇಟ್ಟುಕೊಂಡು, ಕರೆಯುವ ಹೆಸರಾಗಿ ಇಂಚರವನ್ನು ಆರಿಸಬಹುದು. ನಮ್ಮ ಮನೆಯಲ್ಲಿ ಹಿರಿಯರ ಮಾತಿಗೆ ಮನ್ನಣೆ ಕೊಟ್ಟು ಹಾಗೆಯೇ ಮಾಡಿದೆವು: ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ನಾಲ್ಕು ಹೆಸರುಗಳನ್ನು ಬರೆದೆವು, ಮೂರು ಅಕ್ಕಿಯಲ್ಲಿಯೇ ಉಳಿದವು, ಒಂದು ಮಗುವಿನ ಜೊತೆ ಬಂತು.

ಮಗು ಹಾಡದಿದ್ದರೆ, ದನಿ ಇಂಪಾಗಿಲ್ಲದಿದ್ದರೆ ಹೆಸರು ಭಾರವಾಗುವುದಿಲ್ಲವೇ?

ಈ ಪ್ರಶ್ನೆಯನ್ನು ಕೇಳುವ ತಾಯಂದಿರ ಅಳುಕು ನನಗೆ ಅರ್ಥವಾಗುತ್ತದೆ. ನನ್ನ ಮಗಳು ಸಂಗೀತ ಪಾಠವನ್ನು ಎರಡೇ ವರ್ಷಕ್ಕೆ ಬಿಟ್ಟಳು. ಅವಳ ಗಂಟಲು ಸ್ವಲ್ಪ ಗಡಸು, ಖೋಖೋ ಆಡುವಾಗ ಅವಳ ಕೂಗು ಮೈದಾನದ ಆಚೆಗೂ ಕೇಳುತ್ತದೆ. ಬಂದ ನೆಂಟರು ‘ಹೆಸರು ಇಂಚರ, ಎಲ್ಲಿ ಒಂದು ಹಾಡು ಹೇಳು’ ಎಂದು ಕೂರಿಸುವಾಗ ಅವಳಿಗಾಗುವ ಮುಜುಗರವನ್ನು ಕಂಡು, ಅಂಥ ಮಾತನ್ನು ಅಲ್ಲಿಯೇ ತಡೆಯಲು ನಾನು ಕಲಿತಿದ್ದೇನೆ. ಕಮಲ ಎಂಬ ಹೆಸರಿನವರನ್ನು ಯಾರೂ ಅರಳು ಎನ್ನುವುದಿಲ್ಲ. ಇಂಚರ ಎಂಬುದು ಮಗುವಿನ ಮೇಲೆ ಹೊರಿಸಿದ ನಿರೀಕ್ಷೆಯಲ್ಲ. ಆ ಮಗುವಿನ ಮೊದಲ ಅಳು ನಮ್ಮ ಕಿವಿಗೆ ಹೇಗೆ ಕೇಳಿಸಿತೆಂದು ನಾವು ಹೇಳಿಕೊಂಡ ಮಾತು. ಹಕ್ಕಿಗಳ ಲೋಕವೂ ಇದನ್ನೇ ಹೇಳುತ್ತದೆ: ಬೇಸಿಗೆಯಲ್ಲಿ ಬೆಂಗಳೂರಿನ ಮರಗಳಿಂದ ಕೇಳುವ ‘ಕುಹೂ’ ಗಂಡು ಕೋಗಿಲೆಯದು, ಮೈಮೇಲೆ ಚುಕ್ಕೆಗಳಿರುವ ಹೆಣ್ಣು ಕೋಗಿಲೆಯ ದನಿ ಕೀಚಲು. ಹಾಗೆಂದು ಅದು ಕೋಗಿಲೆಯಲ್ಲವೆಂದು ಯಾರೂ ಅನ್ನುವುದಿಲ್ಲ.

ಮನೆಯಲ್ಲಿ ಮುದ್ದಾಗಿ ಕರೆಯಲು, ಒಡಹುಟ್ಟಿದವರಿಗೆ ಹೊಂದಿಸಲು ಯಾವ ಹೆಸರುಗಳಿವೆ?

ಇಂಚು, ಇಂಚಿ, ಚರಿ ಎಂದು ಕರೆಯುವುದನ್ನು ಕೇಳಿದ್ದೇನೆ. ತಂಗಿಗೆ ಇಂಪನ, ಇಬ್ಬನಿ, ಸಿರಿ ಹೊಂದುತ್ತವೆ. ಸಿಂಚನ ಎಂಬ ಹೆಸರೂ ಚೆನ್ನಾಗಿದೆ, ಆದರೆ ಒಂದೇ ಮನೆಯಲ್ಲಿ ಇಂಚರ, ಸಿಂಚನ ಇದ್ದರೆ ಕರೆದಾಗ ಇಬ್ಬರೂ ಓಡಿಬರುತ್ತಾರೆ.

ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸುವಾಗ ಏನನ್ನು ಗಮನಿಸಬೇಕು?

1969ರ ಜನನ ಮತ್ತು ಮರಣ ನೋಂದಣಿ ಕಾಯಿದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಆ ಹೊತ್ತಿಗೆ ಹೆಸರು ನಿಶ್ಚಯವಾಗಿರದಿದ್ದರೆ ಹೆಸರಿಲ್ಲದೆಯೇ ನೋಂದಣಿಯಾಗುತ್ತದೆ; ಬಳಿಕ 12 ತಿಂಗಳೊಳಗೆ ಶುಲ್ಕವಿಲ್ಲದೆ, ಅದು ಕಳೆದರೆ 15 ವರ್ಷಗಳವರೆಗೆ ತಡಶುಲ್ಕ ಕೊಟ್ಟು ಹೆಸರನ್ನು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದಾಗಿ, ಆ ದಿನದಿಂದ ಮುಂದೆ ಹುಟ್ಟಿದ ಮಕ್ಕಳ ಶಾಲಾ ಪ್ರವೇಶ, ಪಾಸ್‌ಪೋರ್ಟ್ ಮೊದಲಾದವುಗಳಿಗೆ ಈ ಪ್ರಮಾಣಪತ್ರವೇ ಜನ್ಮದಿನಾಂಕದ ಆಧಾರವಾಗಿದೆ.

ಅಪರೂಪದ ಹೆಸರಿನ ಕಷ್ಟ ಇಲ್ಲಿಯೇ ಮೊದಲಾಗುತ್ತದೆ. ನನ್ನ ಮಗಳ ಪ್ರಮಾಣಪತ್ರದ ಮೊದಲ ಪ್ರತಿಯಲ್ಲಿ ಕನ್ನಡದಲ್ಲಿ ‘ಇಂಚಾರ’ ಎಂದಿತ್ತು. ಗಡಿಬಿಡಿಯಲ್ಲಿ ನಾವೂ ನೋಡಿರಲಿಲ್ಲ. ಶಾಲೆಗೆ ಸೇರಿಸುವಾಗ ಕಣ್ಣಿಗೆ ಬಿದ್ದು, ತಿದ್ದಿಸಲು ಅಫಿಡವಿಟ್, ನೋಟರಿ, ಅಲೆದಾಟ ಎಂದು ಎರಡು ತಿಂಗಳು ಹಿಡಿಯಿತು. ಆದ್ದರಿಂದ ಅರ್ಜಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ದೊಡ್ಡದಾಗಿ, ಬಿಡಿಸಿ ಬರೆಯಿರಿ. ಪ್ರಮಾಣಪತ್ರ ಕೈಗೆ ಬಂದಾಗ ಕೌಂಟರಿನ ಮುಂದೆಯೇ ನಿಂತು ‘ಚ’ಕ್ಕೆ ದೀರ್ಘವಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಮಗುವಿಗೆ ಅದರ ಹೆಸರಿನ ಅರ್ಥವನ್ನು ಹೇಗೆ ಹೇಳುವುದು?

ಮಗಳಿಗೆ ನಾಲ್ಕೋ ಐದೋ ವರ್ಷವಾಗಿದ್ದಾಗ ಒಂದು ಭಾನುವಾರ ಬೆಳಗ್ಗೆ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿದ್ದೆ. ಬಂಡೆಯ ಹತ್ತಿರ ಕುಳಿತಾಗ ಪಿಕಳಾರಗಳು ಕೂಗುತ್ತಿದ್ದವು, ದೂರದಲ್ಲಿ ಕೋಗಿಲೆಯೂ ಇತ್ತು. ಕಿವಿಗೆ ಏನು ಚೆನ್ನಾಗಿ ಕೇಳುತ್ತಿದೆಯೋ ಅದೇ ನಿನ್ನ ಹೆಸರು ಎಂದೆ. ಅವಳು ಸುಮ್ಮನೆ ತಲೆಯಾಡಿಸಿದಳು; ‘ಹಾಗಾದರೆ ಚ ಯಾಕೆ?’ ಎಂದು ಆಗ ಕೇಳಲಿಲ್ಲ. ಅದನ್ನು ಕೇಳಿದ್ದು ಏಳನೆಯ ತರಗತಿಗೆ ಬಂದ ಮೇಲೆ, ಸಂಧಿಗಳನ್ನು ಓದುತ್ತಿದ್ದಾಗ. ನಾನು ಸೂತ್ರ ಹೇಳದೆ, ‘ಇನ್’ ಎಂದು ನಿಲ್ಲಿಸಿ ‘ಸರ’ ಎನ್ನು, ಆಮೇಲೆ ಎರಡರ ನಡುವಿನ ಬಿಡುವನ್ನು ಕಡಿಮೆ ಮಾಡುತ್ತ ಬಾ ಎಂದೆ. ಊಟದ ಮೇಜಿನ ಮುಂದೆ ಕುಳಿತು ಇನ್, ಸರ, ಇನ್ ಸರ, ಇನ್ಸರ ಎಂದು ಬೇಗ ಬೇಗ ಹೇಳುತ್ತ ಹೋದಳು. ಏಳೆಂಟನೆಯ ಸಲಕ್ಕೆ ಅವಳ ಬಾಯಲ್ಲಿ ‘ಚ’ ತಾನಾಗಿಯೇ ಬಂತು.